ಶಿವಗೋತ್ರದ ಅರ್ಚನೆ

ಮನುಷ್ಯರ ಒಂದು ವರ್ಷ ದೇವತೆಗಳಿಗೆ ಒಂದು ದಿನ, ಉತ್ತರಾಯಣ ಅವರ ಹಗಲು, ಅದಕ್ಕೆ ಮುಂಚಿನ ಧನುರ್ಮಾಸ ಅವರ ಬ್ರಾಹ್ಮೀ ಮುಹೂರ್ತ ಎನ್ನುತ್ತಾರೆ. ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ ತಿಂಗಳು. ನಕ್ಷತ್ರ ಮಾಸುವ ಮುಂಚೆ ಪೂಜೆ, ಆಮೇಲೆ ಹುಗ್ಗಿ. ಡಿಸೆಂಬರ್ 16ರ ಹೊತ್ತಿಗೆ ಅದು ಶುರುವಾಗುತ್ತದೆ. 1971ರಲ್ಲಿ ಅದೇ ತಾರೀಕು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಅಪ್ಪ ಅವತ್ತು ಢಾಕಾಕ್ಕೆ ಬಲು ದೂರ, ಪಶ್ಚಿಮದ ಶಕರ್‌ಗಢ ವಲಯದಲ್ಲಿ, ಬಸಂತರ್ ಹೊಳೆಯ ದಂಡೆಯಲ್ಲಿದ್ದರು.

ಅಪ್ಪ ತಂಬಿ. ನಮ್ಮ ಹಲಸೂರು ಕೆರೆಯ ಪಕ್ಕದ ಎಂಇಜಿ ಎಂಬ ಸೇನಾ ಇಂಜಿನಿಯರ್ ಕೇಂದ್ರದಲ್ಲಿ ತರಬೇತಾದ ಮದ್ರಾಸ್ ಸ್ಯಾಪರ್ಸ್ (ಸ್ಯಾಪರ್ ಅಂದರೆ ಇಂಜಿನಿಯರ್ ದಳದ ಸಿಪಾಯಿ) ಜವಾನರನ್ನು ಸೇನೆಯವರು ಕರೆಯುವುದೇ ಹಾಗೆ, ಅವನು ಕನ್ನಡದವನಿರಲಿ ಮಲಯಾಳಿಯಿರಲಿ. 9ನೇ ಇಂಜಿನಿಯರ್ ರೆಜಿಮೆಂಟಿನಲ್ಲಿದ್ದರು. ಡಿಸೆಂಬರ್ 15ರ ರಾತ್ರಿ ಅವರ ಪಾಲಿಗೆ ಬಂದ ಕೆಲಸ, ಶತ್ರು ಮೈನ್, ಅಂದರೆ ನೆಲಬಾಂಬು, ಹೂತಿದ್ದ ನೆಲದಲ್ಲಿ ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸುವುದು. ಮೈನ್ ತೆರವು ಮಾಡಲು ಟ್ಯಾಂಕಿಗೆ ಕಟ್ಟಿದ ಟ್ರಾಲ್ ಎಂಬ ಸಾಧನ ಇದ್ದರೂ ಕೈಕೆಲಸ ತಪ್ಪುವುದಿಲ್ಲವಂತೆ. ಬಯೊನೆಟ್ಟನ್ನು ಓರೆಯಾಗಿ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ನೆತ್ತಿಗೇ ಒತ್ತಡ ಬೀಳುತ್ತದೆ. ಗಟ್ಟಿ ತಗುಲಿದರೆ ಬೆರಳಲ್ಲಿ ಮಣ್ಣು ಸರಿಸಬೇಕು. ಆಮೇಲೆ ತೆರವಾದ ದಾರಿಯ ಗುರುತಿಗೆ ಬಿಳಿ ಪಟ್ಟಿ ಎಳೆಯಬೇಕು. ದಾರಿ ಪೂರ್ತಿ ತೆರವಾಗುವವರೆಗೆ ಕಾಯುವಷ್ಟು ವ್ಯವಧಾನ ಆ ರಾತ್ರಿಗಿರಲಿಲ್ಲ. ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಹಾಗೇ ನುಗ್ಗಿದವು. 16ರ ಕಾಳಗದಲ್ಲಿ, ಉರಿಯುತ್ತಿದ್ದ ಟ್ಯಾಂಕನ್ನು ಬಿಟ್ಟಿಳಿಯದೆ ಮಡಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲರಿಗೆ ಇಪ್ಪತ್ತೊಂದೇ ವರ್ಷ. ಪರಮವೀರ ಚಕ್ರ ಆಮೇಲೆ ಬಂತು.

ಅಮ್ಮನಿಗೆ ಇದರಲ್ಲಿ ಒಂದೂ ತಿಳಿದಿರಲಿಲ್ಲ. ಅವರ ಬಳಿ ಇದ್ದದ್ದು ‘56 ಎಪಿಒ’ ಎಂಬ ಸೇನಾ ಅಂಚೆಯ ವಿಳಾಸ, ಊರಿನ ಹೆಸರೇ ಇಲ್ಲದ ವಿಳಾಸ. ಢಾಕಾದ ಸುದ್ದಿ ರೇಡಿಯೊದಲ್ಲಿ ಬಂದು ಬೀದಿಯವರೆಲ್ಲ ಸಿಹಿ ಹಂಚಿದರೂ ಪಶ್ಚಿಮದಲ್ಲಿ ಗುಂಡು ನಿಂತಿರಲಿಲ್ಲ. ಅಲ್ಲಿ ಕದನವಿರಾಮ ಬಂದದ್ದು 17ರ ರಾತ್ರಿ. ಹಲಸೂರು ಸೋಮೇಶ್ವರನಿಗೆ ಅಮ್ಮ ಹರಕೆ ಹೊತ್ತರು: ಅವರು ಬಂದರೆ ಬದುಕಿರುವವರೆಗೂ ಧನುರ್ಮಾಸದ ಪೂಜೆ ತಪ್ಪಿಸುವುದಿಲ್ಲ.

ಅಪ್ಪ ಬಂದರು. ಬಂದದ್ದು ತಡವಾಗಿಯೇ, ಯುದ್ಧ ಮುಗಿದರೂ ಮೈನ್ ತೆಗೆಯುವವರ ಕೆಲಸ ಮುಗಿಯುವುದಿಲ್ಲವಲ್ಲ.

ಮುಂದಿನ ಧನುರ್ಮಾಸದಲ್ಲಿ ಇಬ್ಬರೂ ಗುಡಿಗೆ ಹೋದಾಗ ಅರ್ಚಕರು ಸಂಕಲ್ಪಕ್ಕೆ ಹೆಸರು, ನಕ್ಷತ್ರ, ಗೋತ್ರ ಕೇಳಿದರು. ಅಪ್ಪ ತಮ್ಮದನ್ನು ಹೇಳಲಿಲ್ಲ. ತಮಿಳು ಹೆಸರು, ತೆಲುಗು ಹೆಸರು, ಒಂದು ಕ್ರೈಸ್ತ ಹೆಸರು, ಮುಖ ಕಂಡಿರದಿದ್ದ ಅರುಣನ ಹೆಸರು, ಹೀಗೆ ಒಂದೊಂದಾಗಿ ಹೇಳುತ್ತ ಹೋದರು. ಗೋತ್ರ ಕೇಳಿದ್ದಕ್ಕೆ, “ಒಬ್ಬರದೂ ಗೊತ್ತಿಲ್ಲ ಸ್ವಾಮಿ.”

“ಗೊತ್ತಿಲ್ಲದಿದ್ದರೆ ಶಿವಗೋತ್ರ,” ಎಂದ ಅರ್ಚಕರು ಆ ಕ್ರೈಸ್ತ ಹೆಸರನ್ನೂ ಬಿಡದೆ ಅರ್ಚನೆ ಮಾಡಿದರಂತೆ. ನಾನು ಕಂಡಿಲ್ಲದ ಆ ಹಿರಿಯರಿಗೆ ಈಗಲೂ ಕೈಮುಗಿಯುತ್ತೇನೆ.

“ಅಷ್ಟು ಮೈನ್ ಮಧ್ಯೆ ದೇವರು ನಿಮ್ಮನ್ನ ಕಾಪಾಡಿದ” ಎಂದು ನೆಂಟರು ಹೇಳಿದರೆ ಅಪ್ಪ ಹೂಂ ಎನ್ನುತ್ತಿರಲಿಲ್ಲ. ನನಗೆ ಒಮ್ಮೆ ಹೇಳಿದ್ದರು: “ಪಕ್ಕದಲ್ಲಿದ್ದವನ ತಾಯೀನೂ ಹರಕೆ ಹೊತ್ತಿದ್ಲು ಕಣಮ್ಮ. ಅವಳ ಭಕ್ತಿ ಕಮ್ಮಿ ಇತ್ತು ಅಂತೀಯಾ?” ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಪುರಾಣ ಪ್ರವಚನಗಳಲ್ಲಿ ಸಿಗುವ ಕರ್ಮದ ಉತ್ತರ ನನಗೆ ಒಪ್ಪಿಗೆಯಾಗುವುದೂ ಇಲ್ಲ. ಅಪ್ಪ ಮಾತ್ರ ಉತ್ತರಕ್ಕೆ ಕಾಯದೆ ವರ್ಷ ವರ್ಷವೂ ಚಳಿಯಲ್ಲಿ ತಣ್ಣೀರು ಮೈಮೇಲೆ ಸುರಿದುಕೊಂಡು ಹೊರಟುಬಿಡುತ್ತಿದ್ದರು. ಬದುಕಿ ಬಂದದ್ದು ಅವರಿಗೆ ಬಹುಮಾನವಾಗಿ ಕಾಣಲಿಲ್ಲ, ಸಾಲವಾಗಿ ಕಂಡಿತು. ನನಗೆ ಅವರ ಭಕ್ತಿಯಲ್ಲಿ ನಂಬಿಕೆ ಹುಟ್ಟಿದ್ದೇ ಇದರಿಂದ.

ಅದೇ ಗುಡಿಯ ಕಲ್ಯಾಣಿ ಎಷ್ಟೋ ಕಾಲ ಮಣ್ಣಡಿ ಮುಚ್ಚಿಹೋಗಿತ್ತು. 2010ರಲ್ಲಿ ಅಗೆದು ಮೆಟ್ಟಿಲುಗಳನ್ನು ಹೊರತೆಗೆಯುವಾಗ ಅಪ್ಪ ಬೆಳಗಿಂದ ಸಂಜೆಯವರೆಗೂ ಅಲ್ಲೇ. ಊಟಕ್ಕೆ ಕರೆದರೆ, “ಇರು, ನೆಲ ಅಗೆದರೆ ಒಳ್ಳೇದೂ ಸಿಗುತ್ತೆ ಅಂತ ನೋಡೋಕೆ ಬಂದಿದ್ದೀನಿ.”

ಈಗ ಅಪ್ಪ ಇಲ್ಲ. ಕಾಯಿಲೆಯಿಲ್ಲದೆ, ಮೊಮ್ಮಕ್ಕಳನ್ನು ಆಡಿಸಿ, ವಯಸ್ಸಾಗಿ ಹೋದರು. ಮೃತ್ಯುಂಜಯ ಮಂತ್ರ ಬೇಡುವುದು ಸಾವೇ ಬರದಿರಲಿ ಎಂದಲ್ಲ, ಮಾಗಿದ ಸೌತೆ ತೊಟ್ಟಿನಿಂದ ಕಳಚುವ ಹಾಗೆ ಮೃತ್ಯುವಿನಿಂದ ಬಿಡಿಸು ಎಂದು. ಬಸಂತರ್ ದಂಡೆಯಲ್ಲಿ ಬಿದ್ದವರೆಲ್ಲ ಹೀಚು. ಆ ಮೈನ್‌ಗಳನ್ನು ಹೂತವನೂ ಒಬ್ಬ ಸ್ಯಾಪರ್ರೇ, ಅವನಿಗೂ ಚಿಕ್ಕ ವಯಸ್ಸೇ ಇದ್ದಿರಬೇಕು ಎಂದು ಅಪ್ಪ ಆಗಾಗ ಅನ್ನುತ್ತಿದ್ದರು.

ಅಮ್ಮನ ಹರಕೆ ಇನ್ನೂ ನಡೆದಿದೆ. ಕೈಹಿಡಿದು ಕರೆದೊಯ್ಯುವುದು ನಾನು, ಹೆಸರು ಹೇಳುವುದೂ ನಾನೇ. ಕಳೆದ ಸಲ ಅಪ್ಪನ ಹೆಸರಿನಿಂದ ಶುರುಮಾಡಲು ಹೊರಟೆ. ಅಮ್ಮ ಮೊಣಕೈ ತಿವಿದರು.

“ಹುಡುಗರದ್ದು ಮೊದಲು ಹೇಳು. ನಿಮ್ಮಪ್ಪಂದು ಕೊನೆಗಿರಲಿ, ಅವರಿಗೇನು ಅವಸರವಿಲ್ಲ.”