ಸ್ಮ್ಯಾಶ್‌ಗೂ ಮೊದಲು ಪೆಟ್ಟಿಗೆ
ಪಿಯುಸಿ ಓದುವ ಅಕ್ಕನ ಮಗಳಿಗೆ ಬ್ಯಾಡ್ಮಿಂಟನ್ ಕೋಚ್ ಈಗ ಡೆಪ್ತ್ ಜಂಪ್ ಶುರು ಮಾಡಿಸಿದ್ದಾರೆ. ಗಿಡ್ಡ ಪೆಟ್ಟಿಗೆಯಿಂದ ಕೆಳಗೆ ಹೆಜ್ಜೆ ಇಡಬೇಕು, ಪಾದ ನೆಲಕ್ಕೆ ತಾಗಿದ ಕೂಡಲೇ ಮೇಲಕ್ಕೆ ಚಿಮ್ಮಬೇಕು. ತಡ ಮಾಡಿದರೆ ಸ್ನಾಯು, ಸ್ನಾಯುರಜ್ಜುಗಳಲ್ಲಿ ಸ್ಪ್ರಿಂಗ್‌ನ ಹಾಗೆ ಕೂಡಿದ ಶಕ್ತಿ ಸುಮ್ನೆ ಸೋರಿಹೋಗುತ್ತದೆ. ಶೂ 'ಧಪ್' ಅಂದರೆ ಮತ್ತೆ ಮಾಡಿಸುತ್ತಾರೆ. ಮಂಡಿ ಒಳಕ್ಕೆ ವಾಲಿದರೂ ಅಷ್ಟೇ.

ನಮ್ಮ ಬ್ಯಾಡ್ಮಿಂಟನ್ ಆಟಗಾರ ಸಾತ್ವಿಕ್ ಸಾಯಿರಾಜ್ ಅವರ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ (ಶಟಲ್ ಅನ್ನು ಮೇಲಿಂದ ಕೆಳಕ್ಕೆ ಬಿರುಸಾಗಿ ಬಾರಿಸುವ ಹೊಡೆತ) 2023ರಲ್ಲಿ ಗಿನ್ನೆಸ್ ದಾಖಲೆಯಾದಾಗ ಎಲ್ಲರೂ ಶೇರ್ ಮಾಡಿದೆವು. ಸ್ಮ್ಯಾಶ್‌ಗೆ ಹಾರಿದವರು ಹೇಗೆ ಇಳಿಯುತ್ತಾರೆ ಅಂತ ಯಾರು ನೋಡುತ್ತೇವೆ, ಅಲ್ವಾ? ಮಂಡಿಗೆ ಪೆಟ್ಟಾಗುವುದು ಜಾಸ್ತಿ ಅಲ್ಲೇ.

ಇವತ್ತು ಜಂಪ್‌ಗೆ ರಜೆ, ಕಾಲಿಗೆ ವಿಶ್ರಾಂತಿ ಬೇಕು ಅಂತ ಕೋಚ್ ಹೇಳಿ ಕಳಿಸಿದ್ದಾರೆ. ಇವಳು ನೋಡಿದರೆ ದಿವಾನದ ಮೇಲಿಂದ ಹಾರಿ ಅಕ್ಕನ ಹತ್ತಿರ ಬೈಸಿಕೊಳ್ಳುತ್ತಿದ್ದಾಳೆ.