ಹೊಟ್ಟೆನೋವು ಅಂದ್ರೆ ಬರೀ ಗ್ಯಾಸ್ ಅಲ್ಲ

2019ರ ಜುಲೈ 31. ವೈದ್ಯರ ಸಂಘಟನೆ ಐಎಂಎ ಕೊಟ್ಟ ಮುಷ್ಕರದ ಕರೆಗೆ ಓಗೊಟ್ಟು ನಾನೂ ಆ ದಿನ ಕ್ಲಿನಿಕ್ ಮುಚ್ಚಿದ್ದೆ. ಕಾರಣ, ರಾಷ್ಟ್ರೀಯ ವೈದ್ಯಕೀಯ ಆಯೋಗ ಮಸೂದೆಯ 32ನೇ ಕಲಂ, ಎಂಬಿಬಿಎಸ್ ಓದದವರಿಗೂ ಔಷಧಿ ಬರೆಯುವ ಸೀಮಿತ ಪರವಾನಗಿ ಕೊಡಲು ಹೊರಟಿತ್ತು. ಆಮೇಲೆ ಅದೇ ಕಾಯ್ದೆಯಾಯಿತು.

ನನಗೆ ಇವತ್ತಿಗೂ ಕಣ್ಮುಂದೆ ಬರುವುದು ಒಬ್ಬ ಒಂಬತ್ತು ವರ್ಷದ ಹುಡುಗ. ಮೂರು ದಿನ ಗ್ಯಾಸಿನ ಮಾತ್ರೆ, ನೋವಿನ ಇಂಜೆಕ್ಷನ್ ಆಗಿತ್ತು. ಕೊಟ್ಟವರು ಡಾಕ್ಟರಲ್ಲ. ಬಲಗೈಯಲ್ಲಿ ಹೊಟ್ಟೆ ಹಿಡಿದು, ಬಗ್ಗಿಕೊಂಡೇ ಒಳಗೆ ಬಂದ. ಮುಟ್ಟಿದರೆ ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಗಿ ಉಳಿದ, ಸದ್ಯ.

ನರ್ಸ್‌ಗಳು, ಫಾರ್ಮಸಿಸ್ಟ್‌ಗಳು ಇಲ್ಲದೆ ನನ್ನ ಕೆಲಸ ಒಂದು ದಿನವೂ ನಡೆಯಲ್ಲ. ಆದರೆ ಮಾತ್ರೆ ಬರೆಯೋದು ಸುಲಭ, ಯಾವ ನೋವಿಗೆ ಬರೆಯಬಾರದು ಅನ್ನೋದು ಕಷ್ಟ. ಹಳ್ಳಿಗೆ ಡಾಕ್ಟರ್ ಬರಲ್ಲ, ಅದಕ್ಕೇ ಈ ಪರವಾನಗಿ ಅಂತಾರಲ್ವಾ? ಕ್ವಾರ್ಟರ್ಸ್ ಕೊಡಿ, ಲ್ಯಾಬ್ ಕೊಡಿ, ಸಂಬಳ ಸರಿಯಾಗಿ ಹಾಕಿ. ಬರ್ತೀವಿ.