ಉರಿಮೂತ್ರದ ಚೀಟಿ ಬದಲಾಗಲು ನಮ್ಮದೇ ಲ್ಯಾಬಿನ ಲೆಕ್ಕ ಬೇಕು

ಉರಿಮೂತ್ರ ಎಂದು ಬಂದ ಹೆಣ್ಣುಮಕ್ಕಳಿಗೆ ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ) ಎಂಬ ಆಂಟಿಬಯೋಟಿಕ್ ಮಾತ್ರೆ ಬರೆಯುವುದು ಅನೇಕ ಒಪಿಡಿಗಳಲ್ಲಿ ಕೈಗೆ ಕೂತ ಅಭ್ಯಾಸ. ಈ ಸೋಂಕು ತರುವ ಮುಖ್ಯ ಬ್ಯಾಕ್ಟೀರಿಯಾ ಇ. ಕೋಲೈ ಈ ಮಾತ್ರೆಗೆ ಜಗ್ಗುತ್ತಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿ ತೋರಿಸಿದರೆ, "ಅದು ದೊಡ್ಡ ಊರುಗಳ ಲೆಕ್ಕ, ಕಲಬುರಗಿಯದ್ದಲ್ಲ" ಎನ್ನುತ್ತಾರೆ ವೈದ್ಯರು. ಅವರು ಹೇಳುವುದರಲ್ಲಿ ನ್ಯಾಯವಿದೆ. ಅದಕ್ಕೇ ಊರಿನ ಲೆಕ್ಕವನ್ನೇ ಮುಂದಿಡಬೇಕು.

ಲ್ಯಾಬ್ ರಿಜಿಸ್ಟರಿನಿಂದ 12 ತಿಂಗಳ ಯೂರಿನ್ ಕಲ್ಚರ್ ತೆಗೆಯಿರಿ, ಅಂದರೆ ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಿಗೆ ಜಗ್ಗುತ್ತದೆ ಎಂದು ಬೆಳೆಸಿ ನೋಡಿದ ಪರೀಕ್ಷೆಗಳ ಫಲಿತಾಂಶ. ಒಬ್ಬ ರೋಗಿಗೆ ಮೊದಲ ಸ್ಯಾಂಪಲ್ ಮಾತ್ರ. ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿಸಿಕೊಂಡು ಮಲಗಿದ ಒಬ್ಬರದೇ 6 ಸ್ಯಾಂಪಲ್ 6 ರೋಗಿಗಳಾಗಿ ಸೇರಿದರೆ ಲೆಕ್ಕವೇ ಕೆಟ್ಟಂತೆ. ಒಪಿಡಿ, ವಾರ್ಡ್ ಬೇರೆ ಬೇರೆ ಬರೆಯಿರಿ. ಒಂದು ಬ್ಯಾಕ್ಟೀರಿಯಾದ್ದು 30 ಸ್ಯಾಂಪಲ್ ಆಗದಿದ್ದರೆ, ಅದರಲ್ಲಿ ಎಷ್ಟು ಔಷಧಿಗೆ ಜಗ್ಗಿತೆಂಬ ಶೇಕಡಾವಾರು ಬರೆಯಬೇಡಿ.

ಇಷ್ಟಾದರೂ ಒಂದು ದೊಡ್ಡ ತಪ್ಪು ಉಳಿಯುತ್ತದೆ. ನಮ್ಮಲ್ಲಿ ಕಲ್ಚರಿಗೆ ಹೋಗುವುದು ಎರಡು ಮೂರು ಬಗೆಯ ಮಾತ್ರೆ ತಿಂದೂ ವಾಸಿಯಾಗದವರ ಮೂತ್ರ. ಅದರಲ್ಲಿ ಔಷಧಿಗೆ ಜಗ್ಗದ ಗಟ್ಟಿ ಬ್ಯಾಕ್ಟೀರಿಯಾ ಹೆಚ್ಚು ಸಿಗುವುದು ಸಹಜ. ಆ ಅಂಕಿ ನೋಡಿ ವೈದ್ಯರು ಹೆದರಿ ಇನ್ನೂ ದೊಡ್ಡ ಇಂಜೆಕ್ಷನ್ನಿಗೆ ಹೋದರೆ ನಾವೇ ಹಾನಿ ಮಾಡಿದಂತಾಯಿತು. ಆದ್ದರಿಂದ 2-3 ತಿಂಗಳು ಹೊಸದಾಗಿ ಬಂದ ಪ್ರತಿಯೊಬ್ಬರಿಂದಲೂ ಮೊದಲ ಮಾತ್ರೆಗೆ ಮುಂಚೆಯೇ ಸ್ಯಾಂಪಲ್ ತೆಗೆದುಕೊಳ್ಳಿ.

ಬಿಸಿಲನ್ನೂ ಮರೆಯಬೇಡಿ. ಮೇ ತಿಂಗಳ ಬೆಳಿಗ್ಗೆ 9ಕ್ಕೆ ಹಿಡಿದ ಬಾಟಲಿ ಕಿಟಕಿ ಪಕ್ಕದ ಟೇಬಲ್ಲಿನಲ್ಲೇ 12ರವರೆಗೆ ಕೂತರೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಸೋಂಕಿಲ್ಲದ ಮೂತ್ರವೂ ಸೋಂಕಿನಂತೆ ಕಾಣುತ್ತದೆ. 2 ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲವೇ 4 ಡಿಗ್ರಿ ಫ್ರಿಜ್‌ನಲ್ಲಿರಬೇಕು. ಕರೆಂಟ್ ಹೋಗುವ ಕಡೆ ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿಯಂಥದ್ದೇ ಇನ್ನೊಂದನ್ನು ಇದಕ್ಕೆಂದೇ ಇಡಿ. ಲಸಿಕೆಯ ಡಬ್ಬಿಯಲ್ಲಿ ಮಾತ್ರ ಮೂತ್ರ ಇಡಬಾರದು.

ಫಲಿತಾಂಶ ಒಂದೇ ಹಾಳೆಯಲ್ಲಿರಲಿ. ಉರಿಮೂತ್ರಕ್ಕೇ ಕೊಡುವ ಇನ್ನೊಂದು ಔಷಧಿ ನೈಟ್ರೊಫ್ಯುರಾಂಟೊಯಿನ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಡೋಸನ್ನೂ ಅಲ್ಲೇ ಬರೆಯಿರಿ: ನಿಧಾನವಾಗಿ ಕರಗುವ 100 ಮಿ.ಗ್ರಾಂ, ದಿನಕ್ಕೆರಡು ಸಲ, ಊಟದ ಜೊತೆ, 5 ದಿನ. ಜ್ವರ, ಪಕ್ಕೆ ನೋವು ಇದ್ದರೆ, ಕಿಡ್ನಿ ತೀರಾ ಸೋತಿದ್ದರೆ, ಹೆರಿಗೆ ಹತ್ತಿರವಿದ್ದರೆ ಇದು ಸಲ್ಲದು ಎಂಬ ಸಾಲು ದಪ್ಪಕ್ಷರದಲ್ಲಿರಲಿ.

ಯಾವ ವೈದ್ಯರು ಏನು ಬರೆಯುತ್ತಾರೆಂಬ ಎಣಿಕೆ ನೋಟಿಸ್ ಬೋರ್ಡಿಗೆ ಹೋಗಕೂಡದು. ಮುಚ್ಚಿದ ಲಕೋಟೆಯಲ್ಲಿ ಅವರವರ ಅಂಕಿ, ಪಕ್ಕದಲ್ಲಿ ಎಲ್ಲರ ಸರಾಸರಿ, ಅಷ್ಟು ಸಾಕು. ಹೆಸರು ಹಿಡಿದು ತೋರಿಸಿದರೆ ಮುಂದಿನ ತಿಂಗಳಿಂದ ಯಾರೂ ಕಲ್ಚರ್ ಕಳಿಸುವುದಿಲ್ಲ.

ಹಾಳೆ ಹಂಚುವ ಮೊದಲು ಫಾರ್ಮಸಿಗೆ ಹೋಗಿ ಬನ್ನಿ. ಕಪಾಟಿನಲ್ಲಿ ಸಿಪ್ರೊ ಮಾತ್ರ ಇದ್ದರೆ ಚೀಟಿಯಲ್ಲೂ ಅದೇ ಬರುತ್ತದೆ. 6 ತಿಂಗಳ ನಂತರ ಮತ್ತೆ ಚೀಟಿ ಎಣಿಸುವಾಗ, 14 ದಿನದೊಳಗೆ ಅದೇ ಉರಿಗೆ ಮರಳಿ ಬಂದವರೆಷ್ಟು ಎಂಬುದನ್ನೂ ಎಣಿಸಿ. ವೈದ್ಯರು ಮೊದಲು ಕೇಳುವುದು ಅದನ್ನೇ.